ಗೋಗಿಯೊಳಗ ಮಲಗಿರೋ ಮಲ್ಲು ಆದಿಲ್ ಶಾಹನ ಸಲುವಾಗಿ ಒಂದು ಬಹಿರಂಗ ಪತ್ರ

ಸ್ಮಾರಕ, ಪ್ರವಾಸೋದ್ಯಮ, ಪಠ್ಯಪುಸ್ತಕ ಇವುಗಳ ಕೆಲಸ ನೋಡ್ಕೊಳ್ಳೋ ಸಾಹೇಬ್ರಿಗೆ, ವಿಜಯಪುರ ಕಡೆ ಮಂದಿನ್ನ ಕರ್ಕೊಂಡು ಅಡ್ಡಾಡೋ ಗೈಡ್ ಅಣ್ಣಗಳಿಗೆ, ನನ್ನಂಗ ಕೋಚಿಂಗ್ ಕ್ಲಾಸಿನೊಳಗ ಹಿಸ್ಟರಿ ಹೇಳೋರಿಗೆ, ಎಲ್ಲರಿಗೂ ನಮಸ್ಕಾರ ರೀ.

ನಾನು ಕಾಂಪಿಟೇಟಿವ್ ಎಕ್ಸಾಮಿಗೆ ಓದೋ ಹುಡುಗ್ರಿಗೆ ಇತಿಹಾಸ ಹೇಳ್ತೀನಿ. ವಿಜಯಪುರ ಆಳಿದ ಸುಲ್ತಾನರ ಮನೆತನ ಆದಿಲ್ ಶಾಹಿ ಪಾಠ ಬಂತಂದ್ರ ಬೋರ್ಡಿನ ಮ್ಯಾಲ ಒಂಬತ್ತು ಹೆಸರು ಬರೀತೀನಿ, ಯೂಸುಫ್, ಇಸ್ಮಾಯಿಲ್, ಮಲ್ಲು, ಒಂದನೇ ಇಬ್ರಾಹಿಂ, ಒಂದನೇ ಅಲಿ, ಎರಡನೇ ಇಬ್ರಾಹಿಂ, ಮುಹಮ್ಮದ್, ಎರಡನೇ ಅಲಿ, ಸಿಕಂದರ್. ಮೂರನೇ ಹೆಸರು ಬರದ ಕೂಡ್ಲೆ ಪ್ರತಿ ಬ್ಯಾಚಿನೊಳಗೂ ಹುಡುಗ್ರು ನಗ್ತಾರ. ಯಾಕಂದ್ರ ನಮ್ಮ ಕಡೆ ಮಲ್ಲಿಕಾರ್ಜುನನೂ ಮಲ್ಲು, ಮಲ್ಲಪ್ಪನೂ ಮಲ್ಲು, ಕ್ಲಾಸಿನೊಳಗ ಒಬ್ಬರೆ ಮಲ್ಲು ಇದ್ದೇ ಇರ್ತಾನ, ಎಲ್ಲಾರೂ ಅವನ ಕಡೆ ತಿರುಗಿ ನೋಡ್ತಾರ. ಆಮ್ಯಾಲ ಯಾವನರೆ ಒಬ್ಬ ಹೇಳ್ತಾನ, ಸರ್ ಇವನ ಮ್ಯಾಲ ಪ್ರಶ್ನೆ ಬರಂಗಿಲ್ಲ ಮುಂದ ನಡೀರಿ ಅಂತ. ನಾನೂ ಎಷ್ಟೋ ವರ್ಷ ಹಂಗ ಮುಂದ ನಡದೆ. "1534ರಿಂದ 35, ಆರೇಳು ತಿಂಗಳು, ದುರ್ವ್ಯಸನಿ, ಕಣ್ಣು ತೆಗೆಸಿ ಇಳಿಸಿದ್ರು" ಅಂತ ಒಂದ ಲೈನ್ ಹೇಳಿ ಮುಗಿಸ್ತಿದ್ದೆ. ಈ ಒಂದ ಲೈನ್ ಬಗ್ಗೆನೇ ಈ ಪತ್ರ.

ಹೋದ ಚಳಿಗಾಲದಾಗ ಗೋಗಿಗೆ ಹೋಗಿದ್ದೆ. ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕು, ಗುಡ್ಡದ ಮ್ಯಾಲ ಬುದ್ಧ ಮಲಗಿದಂಗ ಕಾಣೋ ಶಹಾಪುರದಿಂದ ಭಾಳ ದೂರ ಇಲ್ಲ. ಈಗ ಪೇಪರಿನವರು ಗೋಗಿ ಅಂತ ಬರದ್ರಂದ್ರ ಅದು ನೆಲದಾಗಿನ ಯುರೇನಿಯಂ ಸುದ್ದಿನೇ ಆಗಿರ್ತದ. ಆದ್ರ ಅದೇ ನೆಲದಾಗ ಚಂದಾ ಹುಸೇನಿ ಅವರ ದರ್ಗಾದ ಆಸರದಾಗ ಆದಿಲ್ ಶಾಹಿ ಮನೆತನದ ಮೊದಲ ನಾಲ್ಕು ಮಂದಿ ಮಲಗ್ಯಾರ. ಯೂಸುಫ್, ಅವನ ಮಗ ಇಸ್ಮಾಯಿಲ್, ಇಸ್ಮಾಯಿಲನ ಮಕ್ಕಳು ಮಲ್ಲು ಮತ್ತ ಇಬ್ರಾಹಿಂ. ಗೋಳಗುಮ್ಮಟ ಇಬ್ರಾಹಿಂ ರೋಜಾ ನೋಡಿ ಬಂದವರಿಗೆ ಇದು ಆಶ್ಚರ್ಯ ಅನಸ್ತದ, ವಿಜಯಪುರ ಕಟ್ಟಿದ ಮನೆತನದ ಮೊದಲ ನಾಲ್ಕು ಜನ ವಿಜಯಪುರದಾಗ ಇಲ್ಲ, ಇಲ್ಲಿ ಒಂದು ಹಳ್ಳ್ಯಾಗ ಒಬ್ಬ ಸೂಫಿ ಸಂತನ ಕಾಲ ಹತ್ರ ಅದಾರ, ಯಾಕಂದ್ರ ಯೂಸುಫನಿಗೆ ಆ ದರ್ಗಾದ ಮ್ಯಾಲ ಅಷ್ಟು ನಂಬಿಕಿ ಇತ್ತು, ಮಕ್ಕಳು ಮೊಮ್ಮಕ್ಕಳು ಅವನ ಮಗ್ಗಲಿಗೆ ಬಂದ್ರು. ನಾ ಹೋದಾಗ ಒಬ್ಬ ತಾಯಿ ಕೂಸಿನ್ನ ಬಗಲಾಗ ಇಟ್ಕೊಂಡು ಸಕ್ಕರಿ ಓದ್ಸಾಕ ಬಂದಿದ್ಲು. ಇಲ್ಲಿ ಯಾರ್ಯಾರ್ದು ಗೋರಿ ಅದಾವಬೇ ಅಂತ ಕೇಳಿದೆ. "ಬಾದಶಾಹರ್ದು ಅಂತಾರ್ರಿ, ಹೆಸರು ಯಾರಿಗೆ ಗೊತ್ತು" ಅಂದ್ಲು. ನನಗ ಹೆಸರು ಗೊತ್ತಿತ್ತು ಆದ್ರ ಹೆಸರು ಬಿಟ್ರ ಹೇಳಾಕ ನನ್ನ ಹತ್ರನೂ ಆ ಒಂದ ಲೈನೇ ಇತ್ತು. ಆವತ್ತಿಂದ ಕೂತು ಮತ್ತ ಓದೀನಿ, ಓದಿದ ಮ್ಯಾಲ ಸುಮ್ನ ಇರಾಕ ಆಗವಲ್ದು.

ಮಲ್ಲುನ ಕಥಿ ಹೇಳ್ಬೇಕಂದ್ರ ಅವನ ಆಯಿಯಿಂದ ಶುರು ಮಾಡ್ಬೇಕ್ರಿ. ಅಪ್ಪನ ತಾಯಿ, ಪುಂಜಿ ಖಾತೂನ್. ಆಕಿ ಹುಟ್ಟಿದ್ದು ಮರಾಠಾ ಮನ್ಯಾಗ, ಯೂಸುಫನ ವಿರುದ್ಧ ಯುದ್ಧ ಮಾಡಿ ಸೋತ ಮುಕುಂದರಾವ್ ಅನ್ನೋ ಸರದಾರನ ತಂಗಿ, ಸೋಲಾದ ಮ್ಯಾಲ ಯೂಸುಫನ ಮನಿಗೆ ಬಂದಾಕಿ. ಒಬ್ಬ ಮಗ, ಮೂರು ಹೆಣ್ಣುಮಕ್ಕಳು. ಯೂಸುಫ್ 1510ರಾಗ ತೀರಿಕೊಂಡಾಗ ಇಸ್ಮಾಯಿಲ್ ಇನ್ನಾ ಸಣ್ಣ ಹುಡುಗ, ಆಡಳಿತ ಎಲ್ಲಾ ಕಮಾಲ್ ಖಾನ್ ಅನ್ನೋ ಸರದಾರನ ಕೈಯಾಗ, ಅವಂಗ ತಾನೇ ಸುಲ್ತಾನ ಆಗಬೇಕಂತ ಆಸೆ ಬಂತು, ಮುಹೂರ್ತದ ದಿನಾನೂ ಗೊತ್ತು ಮಾಡ್ಕೊಂಡಿದ್ದ. ಇನ್ನೇನು ಮಗನ ಜೀವ ಉಳಿಯಂಗಿಲ್ಲ ಅನ್ನೂವಾಗ ಈ ತಾಯಿ ಏನು ಮಾಡಿದ್ಲು ಗೊತ್ತದೇನು, ಮನಿಗೆ ನಿಷ್ಠೆಯಿಂದ ಇದ್ದ ಒಬ್ಬ ವಯಸ್ಸಾದ ತುರ್ಕನ್ನ ಮಕ್ಕಾ ಯಾತ್ರೆಗೆ ಹೊಂಟೀನಿ ಅಪ್ಪಣೆ ಕೊಡ್ರಿ ಅನ್ನೋ ನೆಪದ ಮ್ಯಾಲ ಕಮಾಲ್ ಖಾನನ ಹತ್ರ ಕಳಿಸಿದ್ಲು, ಕಮಾಲ್ ಖಾನ್ ವೀಳ್ಯ ಕೊಡಾಕ ಕೈ ಮುಂದ ಮಾಡಿದ ಹೊತ್ತಿಗೆ ಆ ಮುದುಕ ಖಂಜರ್ ಇರದ. ಮುದುಕನ್ನೂ ಅಲ್ಲೇ ಕೊಂದ್ರು. ಕಮಾಲ್ ಖಾನನ ತಾಯಿನೂ ಸಾಮಾನ್ಯಳಲ್ಲ, ಮಗ ಸತ್ತ ಸುದ್ದಿ ಹೊರಗ ಬೀಳಬಾರದಂತ ಹೆಣಕ್ಕ ಅರಿವಿ ತೊಡಿಸಿ ಮಂದಿಗೆ ಕಾಣೋಹಂಗ ಕೂಡಿಸಿ, ಮೊಮ್ಮಗ ಸಫ್ದರ್ ಖಾನನ್ನ ಅರಮನಿ ಮ್ಯಾಲ ದಾಳಿಗೆ ಬಿಟ್ಲು. ಅರಮನಿ ಒಳಗ ಕಾಯಾಕ ಮಂದಿ ಕಡಿಮಿ. ಪುಂಜಿ ಖಾತೂನ್, ಯೂಸುಫನ ಸಂಬಂಧದಾಕಿ ದಿಲ್‌ಶಾದ್ ಆಗಾ, ಹೆಣ್ಣುಮಕ್ಕಳು ಗಂಡಸರ ಕವಚ ತೊಟ್ಟು ಬಿಲ್ಲು ಹಿಡದು ನಿಂತ್ರು. ಸಫ್ದರನ ಕಣ್ಣಿಗೆ ಬಾಣ ನಾಟಿತು, ಅವನು ಗ್ವಾಡಿ ಬುಡಕ್ಕ ಸರದಾಗ ಮ್ಯಾಲಿಂದ ಆ ಸಣ್ಣ ಇಸ್ಮಾಯಿಲನೇ ಕಲ್ಲು ಉರುಳಿಸಿ ಬಿಟ್ಟ, ಅಲ್ಲಿಗೆ ಮುಗೀತು. ಆದಿಲ್ ಶಾಹಿ ಅಂತ ಒಂದು ಮನೆತನ ಮುಂದ 1686ರ ತನಕಾ ನಡದದ್ದು ಆ ದಿನ ಈ ಹೆಣ್ಣುಮಕ್ಕಳು ನಿಂತದ್ದಕ್ಕ. ನಮ್ಮ ಹುಡುಗ್ರಿಗೆ ಚಾಂದಬೀಬಿ ಹೆಸರು ಗೊತ್ತು, ಗೊತ್ತಿರಬೇಕು, ಆದ್ರ ಚಾಂದಬೀಬಿಗಿಂತ ಎಷ್ಟೋ ವರ್ಷ ಮೊದಲ ವಿಜಯಪುರದ ಕೋಟ್ಯಾಗ ಕವಚ ತೊಟ್ಟ ಪುಂಜಿ ಖಾತೂನ್ ಹೆಸರು ನಾನೂ ಕ್ಲಾಸಿನೊಳಗ ಒಮ್ಮೆನೂ ಹೇಳಿರಲಿಲ್ಲ.

ಆಕಿ ಹೆಣ್ಣುಮಕ್ಕಳ ಕಥಿನೂ ಹಂಗ. ಮರಿಯಮ್‌ನ್ನ 1524ರಾಗ ಸೊಲ್ಲಾಪುರದಾಗ ಅಹ್ಮದನಗರದ ಬುರ್ಹಾನ್ ನಿಜಾಮ್ ಶಾಹಗ ಕೊಟ್ಟು ಮದುವಿ ಮಾಡಿದ್ರು, ಖದೀಜಾನ್ನ ಬೀರಾರಿನ ಅಲಾವುದ್ದೀನ್ ಇಮಾದ್ ಶಾಹಗ, ಬೀಬಿ ಸತಿನ್ನ ಬಹಮನಿ ಮನಿಗೆ. ಮರಿಯಮ್ ಮದುವ್ಯಾಗ ಸೊಲ್ಲಾಪುರ ಸೀಮೆ ವರದಕ್ಷಿಣಿ ಅಂತ ಮಾತಾಗಿತ್ತು, ಇಸ್ಮಾಯಿಲ್ ಕೊಡಲಿಲ್ಲ, ಮರುವರ್ಷನೇ ಬೀಗರ ನಡುವ ಯುದ್ಧ. ಆ ಸೊಲ್ಲಾಪುರದ ಜಗಳ ಎರಡು ಮೂರು ತಲಿಮಾರು ನಡೀತು. ಇವರೆಲ್ಲಾ ಮಲ್ಲುನ ಸೋದರತ್ತೆರು ರೀ, ನಮ್ಮ ಮನಿಗಳಾಗ ಹೊಲದ ಸಲುವಾಗಿ ಬೀಗತನ ಕೆಡತದಲ್ಲ, ಇದು ಅದೇ, ದೊಡ್ಡದಾಗಿ.

ಇನ್ನ ಅಪ್ಪ. ಇಸ್ಮಾಯಿಲ್ ಆದಿಲ್ ಶಾಹ ಕವಿ, ವಫಾಯಿ ಅನ್ನೋ ಹೆಸರಿನ ಮ್ಯಾಲ ಫಾರ್ಸಿ ಕವಿತೆ ಬರೀತಿದ್ದ, ಸಂಗೀತ ಗೊತ್ತಿತ್ತು, ಉದಾರಿ, ತಾಳ್ಮೆಯವ ಅಂತ ಚರಿತ್ರೆಕಾರರು ಹೊಗಳ್ತಾರ. ಅದೇ ಇಸ್ಮಾಯಿಲ್ 1520ರಾಗ ಕೃಷ್ಣದೇವರಾಯನ ವಿರುದ್ಧ ರಾಯಚೂರಿಗೆ ಹೋದಾಗ ಕೃಷ್ಣಾ ನದಿ ದಂಡಿಗೆ ಕೂತು ಕುಡದು, ನಶಾದಾಗ, ತೆಪ್ಪ ಪೂರಾ ತಯಾರ ಆಗೂಕಿಂತ ಮೊದಲ ಸೈನ್ಯಕ್ಕ ಹೊಳಿ ದಾಟ್ರಿ ಅಂತ ಹುಕುಂ ಕೊಟ್ಟ ಅಂತ ಚರಿತ್ರೆಕಾರ ಫಿರಿಶ್ತಾ ಬರೀತಾನ. ಆಚಿ ದಂಡಿ ಮ್ಯಾಲ ಸತ್ತವರು ಸತ್ರು, ಹಿಂದ ಓಡಿ ಬರೂವಾಗ ಹೊಳ್ಯಾಗ ಮುಳುಗಿದವರು ಮುಳುಗಿದ್ರು. ಅದಾದ ಮ್ಯಾಲ ಇಸ್ಮಾಯಿಲ್ ರಾಯಚೂರು ಮುದಗಲ್ ತಿರುಗಿ ತಗೊಳ್ಳೂ ತನಕಾ ಹೆಂಡ ಮುಟ್ಟಂಗಿಲ್ಲ ಅಂತ ಆಣಿ ಮಾಡಿದ, ಕೃಷ್ಣದೇವರಾಯ ತೀರಿಕೊಂಡ ಮ್ಯಾಲ 1530ರಾಗ ತಗೊಂಡ, ಆಣಿ ಬಿಡಿಸಿಕೊಂಡು ಜಾತ್ರಿನೇ ಮಾಡಿದ. ಇದನ್ನ ಯಾಕ ಹೇಳಾಕತ್ತೀನಿ ಅಂದ್ರ, ಕುಡದು ಸಾವಿರಾರು ಮಂದಿ ಜೀವ ಹೊಳಿಗೆ ಹಾಕಿದ ಅಪ್ಪನ್ನ ಪುಸ್ತಕ ಒಳ್ಳೆಯವ ಅಂತದ, ಅದು ಸರಿನೂ ಇರಬಹುದು, ಮನುಷ್ಯಾ ಒಂದು ತಪ್ಪಿನಿಂದ ಪೂರಾ ಅಳಿಯಂಗಿಲ್ಲ. ಆದ್ರ ಮಗನ ಕಡೆ ಬಂದಾಗ ಅದೇ ಪುಸ್ತಕ ಕುಡುಕ, ಲಂಪಟ ಅಂತ ಎರಡ ಶಬ್ದದಾಗ ಮುಗಿಸ್ತದ.

1534. ಇಸ್ಮಾಯಿಲ್ ಗೋಲ್ಕೊಂಡದವರ ಕೈಯಾಗಿದ್ದ ಕೋಯಿಲಕೊಂಡ ಕೋಟಿಗೆ ಮುತ್ತಿಗಿ ಹಾಕಿದ್ದ. ಜ್ವರ ಬಂತು, ಪಾಲಕಿಯೊಳಗ ಹಾಕ್ಕೊಂಡು ಕಲಬುರ್ಗಿ ಕಡೆ ಹೊಂಟ್ರು, ದಾರ್ಯಾಗೇ ಜೀವ ಹೋತು. ಹೆಣ ಗೋಗಿಗೆ ತಂದು ಅಪ್ಪನ ಮಗ್ಗಲಿಗೆ ಮಣ್ಣು ಮಾಡಿದ್ರು. ನಾಲ್ಕು ಗಂಡುಮಕ್ಕಳು, ಮಲ್ಲು, ಇಬ್ರಾಹಿಂ, ಅಬ್ದುಲ್ಲಾ, ಆಲೂ. ಲೆಕ್ಕ ಹಾಕಿ ನೋಡ್ರಿ, 1511ರಾಗ ಕಲ್ಲು ಉರುಳಿಸಿದ ಹುಡುಗ ಇಸ್ಮಾಯಿಲ್, ಸಾಯೂವಾಗ ಅವಂಗೇ ಇನ್ನಾ ನಲವತ್ತು ಆಗಿರಲಿಲ್ಲ, ಹಿರೇಮಗ ಮಲ್ಲು ಇಪ್ಪತ್ತರ ಆಚೀಚಿ ಅಷ್ಟೇ. ನಮ್ಮ ಕ್ಲಾಸಿನೊಳಗ ಕೂಡೋ ಹುಡುಗ್ರ ವಯಸ್ಸು. ಆ ವಯಸ್ಸಿನ ಹುಡುಗನ ಮುಂದ ಏನೇನಿತ್ತು, ಅಪ್ಪ ಶಿಬಿರದಿಂದ ಹೊಂಟು ಸತ್ತಾನ, ದಂಡು ಇನ್ನಾ ವೈರಿ ಕೋಟಿ ಮುಂದ ಅದ, ಅಣ್ಣತಮ್ಮಂದಿರ ಹಿಂದ ಎರಡು ಗುಂಪು ಆಗಿ ನಿಂತಾವ, ದಕ್ಷಿಣದಿಂದ ವಿಜಯನಗರದ ಅಚ್ಯುತರಾಯ ಕೃಷ್ಣಾ ತುಂಗಭದ್ರಾ ನಡುವಿನ ರಾಯಚೂರು ದೋಆಬಿನ ಮ್ಯಾಲ ಬರ್ತಾನ, ಅಪ್ಪ ನಾಲ್ಕು ವರ್ಷದ ಹಿಂದ ತಗೊಂಡದ್ದು ಕೈ ಬಿಡ್ತದ.

ಇಲ್ಲಿ ಬರೋ ದೊಡ್ಡ ಮನುಷ್ಯಾ ಅಸದ್ ಖಾನ್ ಲಾರಿ. ಬೆಳಗಾವಿ ಜಾಗೀರಿನವ, ಇವತ್ತಿಗೂ ಬೆಳಗಾವಿ ಕೋಟ್ಯಾಗ ಸಫಾ ಮಸೀದಿ ನೋಡಿದವರಿಗೆ ಅವನ ಹೆಸರು ಗೊತ್ತಿರ್ತದ, 1511ರಾಗ ಅರಮನಿ ಉಳಿಸಿದವರೊಳಗ ಒಬ್ಬ, ಅದಕ್ಕಂತನೇ ಆ ಪದವಿ ಆ ಜಾಗೀರು ಸಿಕ್ಕದ್ದು. ಮುತ್ತಿಗಿ ಬಿಟ್ಟು ದಂಡು ಹಿಂದಕ್ಕ ತಂದು, ತೀರಿಕೊಂಡ ದೊರಿ ಇಚ್ಛಾ ಹಂಗಿತ್ತು ಅಂತ ಮಲ್ಲುನ್ನ ಗದ್ದಿಗಿ ಮ್ಯಾಲ ಕೂಡ್ಸಿದ, ಆದ್ರ ಅವನ ಮನಸ್ಸು ಇಬ್ರಾಹಿಂ ಕಡೆ ಇತ್ತು. ಇಬ್ರಾಹಿಂನ್ನ ಕಾವಲಿನೊಳಗ ಇಟ್ರು. ಹೊಸ ದೊರಿನ್ನ ಆಯಿ ಕೈಗೆ ಒಪ್ಪಿಸಿ ಅಸದ್ ಖಾನ್ ಬೆಳಗಾವಿಗೆ ನಡದಬಿಟ್ಟ. ಇದು ನನಗ ಭಾಳ ಕಾಡೋ ವಿಚಾರ ರೀ. ರಾಜ್ಯದಾಗ ಎಲ್ಲಾರಕಿಂತ ಅನುಭವ ಇದ್ದಾಂವ, ದಂಡು ಕೈಯಾಗಿದ್ದಾಂವ, ಇಪ್ಪತ್ತು ವರ್ಷದ ಹುಡುಗನ್ನ ಕೂಡ್ಸಿ ದೂರ ಹೋಗಿ ಕೂತ. ನನಗನಸೂದು, ಆ ಹುಡುಗ ಬೀಳ್ತಾನ ಅಂತ ಗೊತ್ತಿದ್ದೇ ಹೋದ.

ಮುಂದಿನದು ಫಿರಿಶ್ತಾ ಹೇಳಿದ್ದು. ಮಲ್ಲು ಕುಡಿತಕ್ಕ ಬಿದ್ದ, ಸರದಾರರ ಮನೆತನದ ಮರ್ಯಾದಿಗೆ ಕೈ ಹಾಕಿದ, ಯೂಸುಫ್ ಅನ್ನೋ ಒಬ್ಬ ತುರ್ಕ ಸರದಾರನ ಮನಿ ತಂಟೆಗೆ ಹೋಗಿ (ಈ ಯೂಸುಫ್ ಬ್ಯಾರೆ, ಮುತ್ಯಾ ಯೂಸುಫ್ ಅಲ್ಲ) ಅವನ್ನ ಕೊಲ್ಲಾಕ ಮಂದಿ ಕಳಿಸಿದ, ಅವ ತಪ್ಪಿಸಿಕೊಂಡ. ಆಗ ಆಯಿನೇ ಆ ಯೂಸುಫಗ ಹೇಳಿ ಕಳಿಸಿದ್ಲು, ಇವನ್ನ ಇಳಸು ಅಂತ. ಬೆಳಗಾವಿಯಿಂದ ಅಸದ್ ಖಾನನೂ ಹೂಂ ಅಂದ. ಅರಮನಿ ಒಳಗಿನವರೇ ಬಾಗಿಲ ತೆಗದ್ರು, ಆಯುಧ ಹಿಡದ ಮಂದಿ ಒಳಗ ಬಂದ್ರು, ಮಲ್ಲುನ್ನ ಹಿಡದು ಕಣ್ಣು ಕುರುಡ ಮಾಡಿದ್ರು. ಅವನ ಜೊತಿಗೆ ಸಣ್ಣ ತಮ್ಮ ಆಲೂ ಖಾನನ ಕಣ್ಣೂ ತೆಗದ್ರು. 1535ರ ಮಾರ್ಚದಾಗ ಇಬ್ರಾಹಿಂ ಗದ್ದಿಗಿ ಮ್ಯಾಲ ಕೂತ.

ಸಾಹೇಬ್ರ, ಒಂದ ನಿಮಿಷ ಇಲ್ಲಿ ನಿಂದರ್ರಿ. ಆಲೂ ಏನು ಮಾಡಿದ್ದ? ಅವನ ಮ್ಯಾಲ ಕುಡಿತದ ಅಪವಾದ ಇಲ್ಲ, ಯಾರ ಮನಿಗೂ ಅವ ಕೈ ಹಾಕಿದ ಅಂತ ಯಾರೂ ಬರದಿಲ್ಲ, ಅವ ಒಂದ ದಿನಾನೂ ರಾಜ್ಯ ಆಳಿಲ್ಲ. ಕೆಟ್ಟ ಸುಲ್ತಾನನ್ನ ಇಳಸೂದಷ್ಟೇ ಉದ್ದೇಶ ಆಗಿದ್ರ ಮಲ್ಲುನ್ನ ಇಳಿಸಿದ್ರ ಸಾಕಿತ್ತು. ಆ ಸಣ್ಣ ಹುಡುಗನ ಕಣ್ಣು ಯಾಕ ಬೇಕಾದ್ವು? ಕಣ್ಣಿಲ್ಲದಾಂವ ಗದ್ದಿಗಿಗೆ ಬರಂಗಿಲ್ಲ ಅನ್ನೋ ಕಾಲ ಅದು, ಅದಕ್ಕ. ಇಬ್ರಾಹಿಂಗ ಎದುರು ನಿಲ್ಲೋ ಅಣ್ಣತಮ್ಮಂದಿರ ದಾರಿ ಮುಚ್ಚಿದ್ರು. ಇದು ದಖನ್ನಿನೊಳಗ ಹೊಸಾದೂ ಅಲ್ಲ, ಇದೇ ನಮ್ಮ ಕಲಬುರ್ಗ್ಯಾಗ 1397ರಾಗ ಬಹಮನಿ ಗಿಯಾಸುದ್ದೀನ್ ಅನ್ನೋ ಹುಡುಗ ಎರಡು ತಿಂಗಳೂ ಪೂರಾ ಆಳಲಿಲ್ಲ, ತಘಲ್‌ಚಿನ್ ಅನ್ನೋ ತುರ್ಕ ಊಟಕ್ಕ ಕರದು ಕಣ್ಣು ತೆಗೆಸಿದ. ಮಲ್ಲುನ ಇನ್ನೊಬ್ಬ ತಮ್ಮ ಅಬ್ದುಲ್ಲಾ ಮುಂದ ಇಬ್ರಾಹಿಂಗ ಹೆದರಿ ಗೋವಾಕ್ಕ ಓಡಿ ಪೋರ್ಚುಗೀಸರ ಆಸರಿ ಬೇಡಿದ. ನಾಲ್ಕು ಮಂದಿ ಅಣ್ಣತಮ್ಮಂದಿರೊಳಗ ಇಬ್ಬರು ಕುರುಡರು, ಒಬ್ಬ ಪರದೇಸಿ, ಒಬ್ಬ ದೊರಿ. ಈ ಮಾತು ನಾನು ಕ್ಲಾಸಿನೊಳಗ ಹೇಳಿದಾಗ ಮುಂದ ನಡೀರಿ ಸರ್ ಅಂತ ಯಾರೂ ಅನ್ನಲಿಲ್ಲ.

ಮತ್ತ ಇದನ್ನೆಲ್ಲಾ ನಮಗ ಹೇಳಿದಾಂವ ಯಾರು. ಫಿರಿಶ್ತಾ ವಿಜಯಪುರಕ್ಕ ಬಂದದ್ದು 1589ರಾಗ, ಮಲ್ಲು ಇಳದ ಐವತ್ತು ವರ್ಷದ ಮ್ಯಾಲ. ಬರದದ್ದು ಎರಡನೇ ಇಬ್ರಾಹಿಂನ ಆಸರದಾಗ, ಆ ಎರಡನೇ ಇಬ್ರಾಹಿಂ ಯಾರು, ಒಂದನೇ ಇಬ್ರಾಹಿಂನ ಮೊಮ್ಮಗ. ಅಂದ್ರ ಯಾರ ಕಣ್ಣು ತೆಗದದ್ದರಿಂದ ಯಾರಿಗೆ ಗದ್ದಿಗಿ ಸಿಕ್ಕಿತೋ ಅವನ ಮೊಮ್ಮಗನ ಅನ್ನ ಉಂಡು ಬರದ ಕಥಿ ಇದು. ಫಿರಿಶ್ತಾ ಸುಳ್ಳ ಹೇಳ್ಯಾನ ಅಂತ ನಾ ಅನ್ನಂಗಿಲ್ಲ, ಅವ ಇಲ್ಲದಿದ್ರ ಪುಂಜಿ ಖಾತೂನ್ ಕವಚ ತೊಟ್ಟದ್ದೂ ನಮಗ ಗೊತ್ತಾಗ್ತಿರಲಿಲ್ಲ, ಒಂದನೇ ಇಬ್ರಾಹಿಂನ ಕ್ರೌರ್ಯನೂ ಅವನೇ ಬರದಾನ. ಆ ದೊರಿ ಕಡೀಗೆ ಜಡ್ಡಿಗೆ ಬಿದ್ದಾಗ ವಾಸಿ ಮಾಡಾಕ ಆಗದ ವೈದ್ಯರ ತಲಿ ತೆಗೆಸಿದ, ಕೆಲವರನ್ನ ಆನಿ ಕಾಲಿಗೆ ಹಾಕಿಸಿದ, ಉಳದ ವೈದ್ಯರು ಊರ ಬಿಟ್ಟು ಓಡಿದ್ರು ಅಂತ. ತನ್ನ ಮಗ ಅಲಿನ್ನೂ ಅನುಮಾನದಿಂದ ಮಿರಜ್ ಕೋಟ್ಯಾಗ ಇಟ್ಟಿದ್ದ, 1558ರಾಗ ಅಪ್ಪ ಸತ್ತ ಮ್ಯಾಲನೇ ಅಲಿ ಅಲ್ಲಿಂದ ಬಂದು ದೊರಿ ಆದ. ಆದ್ರೂ ನಮ್ಮ ನೋಟ್ಸಿನೊಳಗ ಒಂದನೇ ಇಬ್ರಾಹಿಂ ಅಂದ್ರ ಏನು ಬರೀತೀವಿ, ಲೆಕ್ಕಪತ್ರದಾಗ ಫಾರ್ಸಿ ಬಿಟ್ಟು ದೇಶಭಾಷೆ ತಂದಾಂವ, ದಖನಿ ಮಂದಿಗೆ ಅವಕಾಶ ಕೊಟ್ಟಾಂವ. ಸರಿನೇ ಅದ, ಅದನ್ನೂ ಬರೀಬೇಕು. ಇಪ್ಪತ್ಮೂರು ವರ್ಷ ಆಳಿದಾಂವಗ ತಪ್ಪಿನ ಜೊತಿಗೆ ಕೆಲಸನೂ ತೋರಸಾಕ ಟೈಮ್ ಸಿಕ್ತು. ಆರೇಳು ತಿಂಗಳದಾಂವಗ ತಪ್ಪಷ್ಟೇ ಉಳೀತು.

ಮಲ್ಲು ಒಳ್ಳೆಯವ ಇದ್ದ ಅಂತ ಬರೀರಿ ಅಂತ ನಾ ಬೇಡಾಕತ್ತಿಲ್ಲ. ಸ್ವಂತ ಆಯಿನೇ ಕೈ ಬಿಟ್ಲಂದ್ರ ಏನೋ ದೊಡ್ಡದೇ ಆಗಿರಬೇಕು, ಮಗನ ಸಲುವಾಗಿ ಬಿಲ್ಲು ಹಿಡದಾಕಿ ಮಗನ ಮಕ್ಕಳ ಕಣ್ಣು ತೆಗೆಯೋ ಮಾತಿಗೆ ಒಪ್ಪಬೇಕಂದ್ರ ಆಕಿ ಎದ್ಯಾಗ ಏನಾಗಿರಬಹುದು ಅಂತ ನನಗ ರಾತ್ರಿ ನಿದ್ದಿ ಹತ್ತಿಲ್ಲ. ಆಕಿ ಮೊಮ್ಮಗನಕಿಂತ ಮನೆತನ ದೊಡ್ಡದು ಅಂದ್ಕೊಂಡ್ಲೋ, ಕಣ್ಣು ಹೋದ್ರೂ ಜೀವ ಉಳೀಲಿ ಅಂತ ಅಂದ್ಕೊಂಡ್ಲೋ. ಆದ್ರ ಇತ್ತೀಚಿಗೆ ವಾಟ್ಸಾಪಿನೊಳಗ ಒಂದು ಮೆಸೇಜ್ ತಿರುಗ್ತದ, ಈ ಸುಲ್ತಾನರು ಹಿಂಗೇ ಅಣ್ಣತಮ್ಮಂದಿರ ಕಣ್ಣು ಕೀಳೋರು ಅಂತ, ಮಲ್ಲುನ ಹೆಸರು ಬೈಗುಳಕ್ಕ ಬಳಸ್ತಾರ. ಇನ್ನೊಂದು ಕಡೆಯವರು ಅವನ್ನ ಪಟ್ಟಿಯಿಂದನೇ ತೆಗದು ಇಸ್ಮಾಯಿಲ್ ಆದ ಮ್ಯಾಲ ಇಬ್ರಾಹಿಂ ಅಂತಾರ, ಮನೆತನದ ಮಾನ ಹೋಗಬಾರದಂತ. ಎರಡೂ ನನಗ ತಡಕೊಳ್ಳಾಕ ಆಗಂಗಿಲ್ಲ. ಅಧಿಕಾರ ಅಣ್ಣತಮ್ಮಂದಿರ ನಡುವ ಬಂದಾಗ ಕಲಬುರ್ಗ್ಯಾಗ ಏನಾತೋ ವಿಜಯನಗರದಾಗನೂ ಅದೇ ಆತು. ಅಚ್ಯುತರಾಯ 1542ರಾಗ ತೀರಿಕೊಂಡ ಮ್ಯಾಲ ಅವನ ಮಗ ಸಣ್ಣ ವೆಂಕಟನ್ನ ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ಅದೂ ಕೆಲವು ತಿಂಗಳದ ಆಳ್ವಿಕೆ. ಆ ಹುಡುಗನ್ನೂ ನಾವು ಒಂದ ಲೈನಿನೊಳಗೇ ದಾಟ್ತೀವಿ.

ಅದಕ್ಕ ನನ್ನ ಬೇಡಿಕಿ ಇಷ್ಟ ರೀ. ಗೋಗಿಯೊಳಗ ಆ ನಾಲ್ಕೂ ಮಂದಿ ಯಾರು ಯಾರಿಗೆ ಏನಾಗ್ಬೇಕು ಅನ್ನೂದನ್ನ ಹಳ್ಳಿ ಮಂದಿ ಓದೋಹಂಗ ಕನ್ನಡದಾಗ, ದೊಡ್ಡ ಅಕ್ಷರದಾಗ ಬರೆಸ್ರಿ, ಉರ್ದುವಿನೊಳಗೂ ಇರಲಿ. ಅದರಾಗ ಗಂಡಸರ ಹೆಸರಷ್ಟೇ ಹಾಕಿ ಬಿಡಬ್ಯಾಡ್ರಿ, ಪುಂಜಿ ಖಾತೂನ್, ದಿಲ್‌ಶಾದ್ ಆಗಾ, ಮರಿಯಮ್, ಖದೀಜಾ, ಬೀಬಿ ಸತಿ ಎಲ್ಲಾರೂ ಇರಲಿ. ಗೈಡ್ ಅಣ್ಣಗಳಿಗೆ ಟ್ರೇನಿಂಗ್ ಕೊಡೂವಾಗ ವಿಜಯಪುರದ ಜೊತಿಗೆ ಗೋಗಿನೂ ಸೇರಸ್ರಿ, ಗೋಳಗುಮ್ಮಟದಾಗ ಪಿಸುಗುಟ್ಟಿದ ಧ್ವನಿ ಎಷ್ಟು ಸಲ ತಿರುಗಿ ಬರ್ತದ ಅಂತ ಹೇಳಿದ ಮ್ಯಾಲ ಈ ಮನೆತನದ ಮೊದಲಿನವರು ಎಲ್ಲಿ ಅದಾರ ಅಂತಾನೂ ಹೇಳಲಿ. ಪಠ್ಯ ಬರೆಯೋರು ಮಲ್ಲುನ ಬಗ್ಗೆ ಒಂದ ಲೈನೇ ಬರದ್ರೂ ಚಿಂತಿಲ್ಲ, ಆದ್ರ ಆ ಲೈನ್ ಯಾರ ಆಸ್ಥಾನದಾಗ ಬರದದ್ದು ಅಂತ ಅರ್ಧ ಲೈನ್ ಸೇರಸ್ರಿ, ಆಲೂ ಖಾನನ ಹೆಸರು ಬಿಡಬ್ಯಾಡ್ರಿ. ಪ್ರಶ್ನೆಪತ್ರಿಕೆ ತೆಗೆಯೋರು ಯಾರರೆ ಇದನ್ನ ಓದಾಕತ್ತಿದ್ರ, ಇಸವಿ ಕೇಳೂ ಬದಲಿ 1511ರಾಗ ಅರಮನಿ ಕಾಯ್ದಾಕಿ ಯಾರು ಅಂತ ಒಮ್ಮೆ ಕೇಳಿ ನೋಡ್ರಿ, ಮರುವರ್ಷದಿಂದ ಈ ಕಡೆ ಎಲ್ಲಾ ಕೋಚಿಂಗ್ ಕ್ಲಾಸಿನೊಳಗ ಆಕಿ ಹೆಸರು ಬೋರ್ಡಿನ ಮ್ಯಾಲ ಬರ್ತದ.

ಬೋರ್ಡಿನ ಮ್ಯಾಲ ಏನು ಬರೀಬೇಕು ಅಂತ ನಾನೇ ಬರದು ಕೊಡ್ತೀನಿ, ತಿದ್ದೂದಿದ್ರ ತಿದ್ರಿ.

"ಮಲ್ಲು ಆದಿಲ್ ಶಾಹ. ಇಸ್ಮಾಯಿಲ್ ಆದಿಲ್ ಶಾಹನ ಹಿರಿಯ ಮಗ, ಪುಂಜಿ ಖಾತೂನಳ ಮೊಮ್ಮಗ, ಇಬ್ರಾಹಿಂ, ಅಬ್ದುಲ್ಲಾ ಮತ್ತು ಆಲೂ ಇವರ ಅಣ್ಣ. 1534ರಲ್ಲಿ ತಂದೆಯ ಮರಣದ ನಂತರ ಗದ್ದುಗೆ ಏರಿದ. 1535ರಲ್ಲಿ ಗದ್ದುಗೆಯಿಂದ ಇಳಿಸಿ ಇವನ ಮತ್ತು ತಮ್ಮ ಆಲೂನ ಕಣ್ಣು ತೆಗೆಯಲಾಯಿತು. ತಾತ, ತಂದೆ ಮತ್ತು ತಮ್ಮ ಇಬ್ರಾಹಿಂ ಮಲಗಿರುವ ಈ ಗೋಗಿಯಲ್ಲೇ ಇವನ ಗೋರಿಯೂ ಇದೆ."

ಇಂತಿ, ಶಹಾಪುರ ಕಡೆಯ ಒಬ್ಬ ಇತಿಹಾಸ ಮಾಸ್ತರ